ಸೋತ ಪಕ್ಷವನ್ನು ಬೂತ್‌ನಿಂದ ಮತ್ತೆ ಕಟ್ಟುವುದು ಹೇಗೆ?

ಎಣಿಕೆ ಕೇಂದ್ರದಿಂದ ಸೋತು ಹೊರಗೆ ಬರುವವರನ್ನು ದೂರದಿಂದಲೇ ಗುರುತು ಹಿಡಿಯಬಹುದು. ಕೊರಳಲ್ಲಿ ಏಜೆಂಟ್ ಪಾಸ್ ಇನ್ನೂ ನೇತಾಡುತ್ತಿರುತ್ತದೆ, ಕೈಯಲ್ಲಿ ಮಡಚಿದ ಹಾಳೆ, ಫೋನ್ ಸ್ವಿಚ್ ಆಫ್. ನಾನೂ ಹಾಗೆ ಎರಡು ಸಲ ಬಂದಿದ್ದೇನೆ. ಅದಾಗಿ ಹದಿನೈದು ದಿನಕ್ಕೆ ತಾಲ್ಲೂಕು ಮಟ್ಟದಲ್ಲಿ ಒಂದು ಆತ್ಮಾವಲೋಕನ ಸಭೆ ನಡೆಯುತ್ತದೆ. ವೇದಿಕೆ ಮೇಲೆ ಇಪ್ಪತ್ತು ಜನ, ಕೆಳಗೆ ಮೂವತ್ತು. ಮೈಕ್ ಹಿಡಿದವರೆಲ್ಲ ಹೇಳುವ ಮಾತು ಒಂದೇ: "ಪಕ್ಷವನ್ನು ಬೂತ್ ಮಟ್ಟದಿಂದ ಕಟ್ಟಬೇಕು." ಚಪ್ಪಾಳೆ ಬೀಳುತ್ತದೆ, ಊಟ ಆಗುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಬೂತ್ ಮಟ್ಟದಿಂದ ಅಂದರೆ ಏನು, ಸೋಮವಾರ ಬೆಳಿಗ್ಗೆ ಎದ್ದು ಯಾರ ಮನೆಗೆ ಹೋಗಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಪಕ್ಷ ಯಾವುದು ಅಂತ ಕೇಳಬೇಡಿ, ಈ ಕೆಲಸ ಯಾವ ಪಕ್ಷಕ್ಕಾದರೂ ಒಂದೇ. ಕರ್ನಾಟಕದಲ್ಲಿ ಬಿದ್ದು ಎದ್ದಿಲ್ಲದ ದೊಡ್ಡ ಪಕ್ಷವೇ ಇಲ್ಲ. ವಿಧಾನಸಭೆಯಲ್ಲಿ ಬಿಜೆಪಿ 1983ರಲ್ಲಿ 18 ಸ್ಥಾನ ಗೆದ್ದು, 1985ರಲ್ಲಿ 2ಕ್ಕೆ ಇಳಿದು, 1989ರಲ್ಲಿ 4, 1994ರಲ್ಲಿ 40ಕ್ಕೆ ಬಂತು. ಜನತಾದಳ 1989ರಲ್ಲಿ 24ಕ್ಕೆ ಕುಸಿದು ಐದೇ ವರ್ಷದಲ್ಲಿ 115 ಗೆದ್ದಿತು. ಆಗ 34ಕ್ಕೆ ಬಿದ್ದ ಕಾಂಗ್ರೆಸ್ 1999ರಲ್ಲಿ 132ಕ್ಕೆ ಏರಿತು. ಇದರಲ್ಲೆಲ್ಲ ಅಲೆ, ಒಡಕು, ನಾಯಕತ್ವ ಎಲ್ಲವೂ ಕೆಲಸ ಮಾಡಿವೆ, ಬರೀ ಮನೆಮನೆ ಸುತ್ತಿದ್ದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಅಲೆ ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಬಂದ ದಿನ ಬೂತ್‌ನಲ್ಲಿ ನಮ್ಮವರು ಇರುತ್ತಾರೋ ಇಲ್ಲವೋ ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ಇನ್ನು ಗೆಲುವಿನ ಅಂತರದ ಮಾತು. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಸೋತ ಎ.ಆರ್. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಆ ದಿನ ಮತ ಹಾಕಲು ಆಗಲಿಲ್ಲವಂತೆ ಅನ್ನುವ ಕಥೆ ಆ ಕಡೆ ಇವತ್ತಿಗೂ ಓಡಾಡುತ್ತದೆ. 2023ರಲ್ಲಿ ಬೆಂಗಳೂರಿನ ಜಯನಗರದ ಅಂತರ 16 ಮತ. ಹದಿನಾರು ಅಂದರೆ ಎರಡು ಕೂಡು ಕುಟುಂಬ, ಅಷ್ಟೆ.

ಮೊದಲು: ಸಮಿತಿ ಬೇಡ, ನಮೂನೆ 20 ಓದಿ

ಸೋತ ತಕ್ಷಣ ಎಲ್ಲರಿಗೂ ಬರುವ ಯೋಚನೆ ಹೊಸ ಪದಾಧಿಕಾರಿಗಳ ಪಟ್ಟಿ. ತಡೆಯಿರಿ. ಎಲ್ಲಿ ಸೋತಿದ್ದೀರಿ ಅಂತ ಗೊತ್ತಿಲ್ಲದೆ ಯಾರನ್ನು ಎಲ್ಲಿ ಕೂರಿಸುತ್ತೀರಿ?

ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅನ್ನುವ ಲೆಕ್ಕ ನಮೂನೆ 20ರಲ್ಲಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಕಳೆದ ಎರಡು ವಿಧಾನಸಭೆ, ಒಂದು ಲೋಕಸಭೆ, ಹೀಗೆ ಮೂರು ಚುನಾವಣೆಯ ಹಾಳೆ ಪ್ರಿಂಟ್ ಹಾಕಿಸಿ. ಎಕ್ಸೆಲ್ ಬರುವ ಹುಡುಗರಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಉದ್ದ ನೋಟ್‌ಬುಕ್, ಸ್ಕೇಲು, ಎರಡು ಬಣ್ಣದ ಪೆನ್ನು ಸಾಕು.

ಇಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಬೂತ್ ನಂಬರ್ ಹಿಡಿದು ಹೋಲಿಸುತ್ತಾರೆ. ಮತದಾರರು ಜಾಸ್ತಿಯಾದಾಗ ಬೂತ್ ಒಡೆಯುತ್ತಾರೆ, ಅದರ ಮುಂದಿನ ನಂಬರ್‌ಗಳೆಲ್ಲ ಸರಿಯುತ್ತವೆ. ಈಗ ಒಂದು ಮತಗಟ್ಟೆಗೆ 1,200 ಮತದಾರರ ಮಿತಿ ಇಟ್ಟಿರುವುದರಿಂದ ಇದು ಇನ್ನೂ ಜಾಸ್ತಿ ಆಗುತ್ತದೆ. ಹಾಗಾಗಿ ನಂಬರ್ ಬದಲು ಊರು, ಕೇರಿ, ಶಾಲೆಯ ಕೊಠಡಿ ನೋಡಿ ಹೊಂದಿಸಿಕೊಳ್ಳಿ. ಒಂದು ಇಡೀ ದಿನ ಬೇಕಾಗುತ್ತದೆ. ಬೇಸರದ ಕೆಲಸ ಹೌದು.

ಆಮೇಲೆ ಬೂತ್‌ಗಳನ್ನು ನಾಲ್ಕು ಗುಂಪು ಮಾಡಿ. ಸೋತರೂ ಮುಂದೆ ಇದ್ದ ಬೂತ್. ಹಿಂದೆ ನಮ್ಮದಾಗಿದ್ದು ಈಗ ಕೈತಪ್ಪಿದ ಬೂತ್. ಯಾವತ್ತೂ ಎರಡನೇ ಜಾಗದಲ್ಲೇ ಇದ್ದ ಬೂತ್. ಠೇವಣಿಗೂ ಸಾಲದಷ್ಟು ಬಿದ್ದ ಬೂತ್. ನಾಯಕರ ಕಣ್ಣು ಮೊದಲನೆಯದರ ಮೇಲೆ ಇರುತ್ತದೆ, ಯಾಕೆಂದರೆ ಅಲ್ಲಿ ಹೋದರೆ ಹಾರ ಹಾಕುತ್ತಾರೆ. ನೀವು ಎರಡನೆಯದರಿಂದ ಶುರು ಮಾಡಿ. ಕೈತಪ್ಪಿದ ಬೂತ್‌ನಲ್ಲಿ ಯಾವುದೋ ಒಂದು ಕಾರಣ ಇದ್ದೇ ಇರುತ್ತದೆ. ಕುಡಿಯುವ ನೀರಿನ ಜಗಳವೋ, ದೇವಸ್ಥಾನದ ಲೆಕ್ಕವೋ, ಟಿಕೆಟ್ ಕೊಡುವಾಗ ಒಬ್ಬರಿಗೆ ಆದ ಅವಮಾನವೋ. ಕಾರಣ ಇದ್ದರೆ ಸರಿ ಮಾಡುವ ದಾರಿಯೂ ಇರಬಹುದು.

ಒಂದು ತಾಲ್ಲೂಕಿನಲ್ಲಿ ಇನ್ನೂರೈವತ್ತು ಬೂತ್ ಇದ್ದರೆ ಮೊದಲ ಆರು ತಿಂಗಳಿಗೆ ನಲವತ್ತು ಆರಿಸಿಕೊಳ್ಳಿ. ಎಲ್ಲ ಬೂತ್‌ನಲ್ಲೂ ಒಟ್ಟಿಗೆ ಶುರು ಮಾಡುತ್ತೇವೆ ಅಂದವರು ಒಂದರಲ್ಲೂ ಮುಗಿಸಿದ್ದನ್ನು ನಾನು ನೋಡಿಲ್ಲ.

ಎರಡನೆಯದು: ಮತದಾರರ ಪಟ್ಟಿ ಹಿಡಿದು ಊರು ಬಲ್ಲವರ ಪಕ್ಕ ಕೂರಿ

ಮತದಾರರ ಪಟ್ಟಿಯ ಒಂದು ಪುಟದಲ್ಲಿ 30 ಹೆಸರು ಇರುತ್ತವೆ. ಹಳ್ಳಿಯಲ್ಲಿ ಅದು ಸುಮಾರು ಎಂಟು ಹತ್ತು ಮನೆ. ಬಿಜೆಪಿಯ "ಪನ್ನಾ ಪ್ರಮುಖ್", ಅಂದರೆ ಪುಟಕ್ಕೊಬ್ಬ ಮುಖ್ಯಸ್ಥ ಅನ್ನುವ ವ್ಯವಸ್ಥೆ ನಿಂತಿರುವುದು ಈ ಒಂದು ಪುಟದ ಮೇಲೆಯೇ. ಒಬ್ಬ ಮನುಷ್ಯ ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದಾದ ಸಂಖ್ಯೆ ಅದು. ಯಾರ ಮನೆಯ ಯೋಚನೆ ಆದರೇನು, ಲೆಕ್ಕ ಸರಿ ಇದೆ.

ಪಟ್ಟಿಯನ್ನು ಒಬ್ಬರೇ ಕೂತು ಓದಿದರೆ ಏನೂ ಗೊತ್ತಾಗುವುದಿಲ್ಲ. ಊರಿನ ಹಳೆಯ ಮೇಷ್ಟ್ರು, ಡೇರಿ ಕಾರ್ಯದರ್ಶಿ, ಸ್ವಸಹಾಯ ಸಂಘದ ಅಕ್ಕ, ಇಂಥವರೊಬ್ಬರ ಪಕ್ಕ ಕೂತು ಹೆಸರು ಓದುತ್ತಾ ಹೋಗಿ. "ಇವರು ತೀರಿಕೊಂಡು ಎರಡು ವರ್ಷ ಆಯ್ತು." "ಈ ಹುಡುಗಿ ಮದುವೆ ಆಗಿ ಅರಸೀಕೆರೆಗೆ ಹೋದಳು." "ಇವನು ಬೆಂಗಳೂರಲ್ಲಿ ಓಲಾ ಓಡಿಸ್ತಾನೆ, ಹಬ್ಬಕ್ಕೆ ಬರ್ತಾನೆ." "ಇವರ ಸೊಸೆ ಹೆಸರು ಇಲ್ವಲ್ಲ?" ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎರಡು ಗಂಟೆಯಲ್ಲಿ ಊರಿನ ಅರ್ಧ ಚರಿತ್ರೆ ಗೊತ್ತಾಗುತ್ತದೆ. ಯಾವ ಸರ್ವೆ ಕಂಪನಿಯೂ ಇದನ್ನು ಮಾರುವುದಿಲ್ಲ.

ಇಷ್ಟಾದ ಮೇಲೆ ಅರ್ಜಿಗಳ ಕೆಲಸ. ಹೊಸ ಹೆಸರಿಗೆ ನಮೂನೆ 6. ಹೆಸರು ತೆಗೆಯಲು ಅಥವಾ ಆಕ್ಷೇಪಣೆಗೆ ನಮೂನೆ 7. ವಿಳಾಸ ಬದಲು, ತಿದ್ದುಪಡಿಗೆ ನಮೂನೆ 8. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕು ಅಂತಿತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಹೀಗೆ ವರ್ಷಕ್ಕೆ ನಾಲ್ಕು ದಿನ ಇವೆ. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಇದು ಎಷ್ಟೋ ಕಾರ್ಯಕರ್ತರಿಗೇ ಗೊತ್ತಿಲ್ಲ.

ಚುನಾವಣಾ ಆಯೋಗದ ಕಡೆಯಿಂದ ಪ್ರತಿ ಬೂತ್‌ಗೂ ಒಬ್ಬ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಇರುತ್ತಾರೆ. ಹೆಚ್ಚಾಗಿ ಶಾಲೆಯ ಮೇಷ್ಟ್ರು ಅಥವಾ ಅಂಗನವಾಡಿ ಕಾರ್ಯಕರ್ತೆ. ಮಾನ್ಯತೆ ಪಡೆದ ಪಕ್ಷ ತನ್ನ ಕಡೆಯಿಂದ ಒಬ್ಬ ಬಿಎಲ್‌ಎಯನ್ನು (ಬೂತ್ ಮಟ್ಟದ ಏಜೆಂಟ್) ನೇಮಿಸಬಹುದು, ಸಾಮಾನ್ಯವಾಗಿ ಅದೇ ಬೂತ್‌ನ ಮತದಾರ. ಕಾಗದದ ಮೇಲೆ ಎಲ್ಲ ಪಕ್ಷಕ್ಕೂ ಬಿಎಲ್‌ಎಗಳು ಇದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ತಾವು ಬಿಎಲ್‌ಎ ಅನ್ನುವುದೇ ತಿಳಿದಿಲ್ಲ. 2025ರಲ್ಲಿ ಬಿಹಾರದ ಪಟ್ಟಿ ಪರಿಷ್ಕರಣೆಯಲ್ಲಿ ಸುಮಾರು 65 ಲಕ್ಷ ಹೆಸರು ಕರಡು ಪಟ್ಟಿಯಿಂದ ಹೊರಗೆ ಉಳಿದವು. ಆಗ ಪಕ್ಷಗಳ ಬಿಎಲ್‌ಎಗಳು ಏನು ಮಾಡುತ್ತಿದ್ದಾರೆ ಅಂತ ಸುಪ್ರೀಂ ಕೋರ್ಟೇ ಅಚ್ಚರಿಪಟ್ಟಿತು. ಟಿವಿಯಲ್ಲಿ ಕೂಗುವವರು ಎಲ್ಲ ಕಡೆಯೂ ಇದ್ದರು, ಬೂತ್‌ನಲ್ಲಿ ಅರ್ಜಿ ಹಿಡಿದು ನಿಂತವರು ಕಡಿಮೆ.

ಒಂದು ಎಚ್ಚರಿಕೆ, ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ನಮೂನೆ 7 ಅನ್ನುವುದು ಆಟಿಕೆ ಅಲ್ಲ. ಎದುರು ಪಕ್ಷಕ್ಕೆ ಮತ ಹಾಕುತ್ತಾರೆ ಅಂತ ಅನುಮಾನ ಇರುವವರ ಹೆಸರು ತೆಗೆಸೋಣ ಎಂದು ಪಿಸುಗುಟ್ಟುವ ಬುದ್ಧಿವಂತರು ಪ್ರತಿ ಊರಲ್ಲೂ ಸಿಗುತ್ತಾರೆ. 2023ರ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಆ ಪ್ರಕರಣ ಪೊಲೀಸ್ ತನಿಖೆಗೆ ಹೋಯಿತು. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು. ನೀವು ತೆಗೆಸಬೇಕಾದದ್ದು ತೀರಿಕೊಂಡವರ, ಎರಡೆರಡು ಕಡೆ ಇರುವವರ ಹೆಸರು ಮಾತ್ರ. ನಮ್ಮ ಕಡೆಯವರದ್ದಾದರೂ ಅಷ್ಟೆ.

ಮೂರನೆಯದು: ಮುನಿಸಿಕೊಂಡವರ ಮನೆಗೆ ಹೋಗಿ

ಪಕ್ಷ ಬಿದ್ದಾಗ ಮೊದಲು ಹೋಗುವವರು ಲಾಭಕ್ಕೆ ಬಂದವರು. ಅವರ ಚಿಂತೆ ಬಿಡಿ. ಅದಕ್ಕೂ ಎಷ್ಟೋ ಮುಂಚೆ, ಸದ್ದಿಲ್ಲದೆ ಮನೆಯಲ್ಲಿ ಕೂತವರು ಇರುತ್ತಾರೆ. ಇಪ್ಪತ್ತು ವರ್ಷ ಬಾವುಟ ಕಟ್ಟಿದವರು. ಗೋಡೆ ಬರಹಕ್ಕೆ ರಾತ್ರಿ ಸುಣ್ಣ ಕಲಸಿದವರು. ಒಂದು ದಿನ ವೇದಿಕೆ ಮೇಲೆ ಕುರ್ಚಿ ಇಲ್ಲ ಅಂತ ಕೆಳಗೆ ಇಳಿಸಿದ್ದಕ್ಕೋ, ಮಗಳ ಮದುವೆಗೆ ಒಬ್ಬ ನಾಯಕನೂ ಬಾರದ್ದಕ್ಕೋ ಬೇಜಾರು ಮಾಡಿಕೊಂಡು ದೂರ ಆದವರು.

ಇವರನ್ನು ವಾಟ್ಸಾಪ್ ಮೆಸೇಜ್ ಹಾಕಿ ಕರೆಯಬೇಡಿ. ಮನೆಗೆ ಹೋಗಿ. ಒಬ್ಬರೇ ಹೋಗಿ, ಹೆಚ್ಚೆಂದರೆ ಇಬ್ಬರು. ಅವರು ಬೈಯುತ್ತಾರೆ, ಬೈಯಲಿ. ನಾನು ಹೋದ ಒಂದು ಮನೆಯಲ್ಲಿ ಹಿರಿಯರೊಬ್ಬರು ಮುಕ್ಕಾಲು ಗಂಟೆ ನನ್ನನ್ನು ತರಾಟೆಗೆ ತೆಗೆದುಕೊಂಡರು. ಅವರ ಮಾತಿನಲ್ಲಿ ಅರ್ಧ ನನ್ನ ತಪ್ಪಲ್ಲ. ಆದರೂ "ಅದು ನಾವಲ್ಲ ಅಣ್ಣ, ಜಿಲ್ಲೆಯವರು" ಅಂತ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಅವರೇ ಸುಸ್ತಾಗಿ, "ಕಾಫಿ ಕುಡೀತೀರಾ?" ಅಂದರು. ಆ ಬೂತ್‌ನಲ್ಲಿ ಇವತ್ತು ಪಟ್ಟಿ ನೋಡಿಕೊಳ್ಳುವವರು ಅವರೇ.

ಬೂತ್‌ಗೆ ಎಂಥವರು ಬೇಕು? ಜೋರಾಗಿ ಘೋಷಣೆ ಕೂಗುವವರಲ್ಲ. ಊರಲ್ಲಿ ಸಾವಾದಾಗ ಸೌದೆ ಹೊಂದಿಸುವವರು. ಮದುವೆಯಲ್ಲಿ ಉಗ್ರಾಣ ನೋಡಿಕೊಳ್ಳುವವರು. ಆಸ್ಪತ್ರೆಗೆ ಜೊತೆಗೆ ಬರುವವರು. ಅಂಥವರಿಗೆ ಪಕ್ಷದ ಮೇಲೆ ಅಷ್ಟೇನೂ ಪ್ರೀತಿ ಇಲ್ಲದಿದ್ದರೂ ಪರವಾಗಿಲ್ಲ. ಪಕ್ಷದ ಮೇಲೆ ಬಹಳ ಪ್ರೀತಿ ಇದ್ದು ಪಕ್ಕದ ಮನೆಯವರ ಜೊತೆ ಮಾತು ಬಿಟ್ಟವರಿಂದ ಏನೂ ಆಗುವುದಿಲ್ಲ.

ಒಂದು ಬೂತ್‌ಗೆ ಹತ್ತು ಜನ ಸಿಕ್ಕರೆ ಅದೃಷ್ಟ, ನಾಲ್ವರು ಸಿಕ್ಕರೂ ಶುರು ಮಾಡಿ. ಅವರಲ್ಲಿ ಅರ್ಧ ಹೆಂಗಸರು ಇರಲಿ. ಇದನ್ನು ಆದರ್ಶಕ್ಕೆ ಹೇಳುತ್ತಿಲ್ಲ. ಹಗಲು ಹೊತ್ತು ಮನೆ ಬಾಗಿಲು ತೆಗೆಯುವವರು ಹೆಂಗಸರು. ಅಡುಗೆಮನೆವರೆಗೆ ಹೋಗಿ ಕೂತು ಮಾತಾಡಲು ನನಗಾಗುವುದಿಲ್ಲ, ನಮ್ಮ ಸಂಘದ ಅಕ್ಕನಿಗೆ ಆಗುತ್ತದೆ. ಕೇರಿಗೊಬ್ಬರು ಇರಬೇಕು ಅನ್ನುವುದೂ ಹಾಗೆಯೇ. ಮೇಲಿನ ಬೀದಿಯ ನಾಲ್ಕು ಜನ ಸೇರಿ ಕಾಲೊನಿಗೆ ಒಂದು ಸುತ್ತು ಹೋಗಿಬಂದರೆ ಅದನ್ನು ಸಂಪರ್ಕ ಅನ್ನುವುದಿಲ್ಲ. ಕಾಲೊನಿಯವರೇ ತಂಡದಲ್ಲಿ ಇರಬೇಕು, ಸಭೆ ಅವರ ಬೀದಿಯಲ್ಲೂ ನಡೆಯಬೇಕು, ಅಲ್ಲಿ ಕೊಟ್ಟ ಕಾಫಿಯನ್ನು ಎಲ್ಲರೂ ಕುಡಿಯಬೇಕು. ಕುಡಿಯದೆ ಲೋಟ ಪಕ್ಕಕ್ಕಿಟ್ಟವನನ್ನು ಜನ ಹತ್ತು ವರ್ಷ ನೆನಪಿಡುತ್ತಾರೆ.

ನಾಲ್ಕನೆಯದು: ಮೊದಲ ಸುತ್ತು ಕೇಳುವುದಕ್ಕೆ ಮಾತ್ರ

ಕರಪತ್ರ ಬೇಡ. ಶಾಲು ಬೇಡ. ಫೋಟೊ ಅಂತೂ ಬೇಡವೇ ಬೇಡ. ಹೆಗಲಿಗೆ ಒಂದು ಚೀಲ, ಒಳಗೆ ಪಟ್ಟಿಯ ಆ ಒಂದು ಪುಟ, ಒಂದು ನೋಟ್‌ಬುಕ್. ಇಬ್ಬಿಬ್ಬರ ಜೋಡಿ, ಒಬ್ಬರು ಊರಿನವರು.

ಹೊತ್ತು ನೋಡಿ ಹೋಗಬೇಕು. ಹಳ್ಳಿಯಲ್ಲಿ ಬೆಳಿಗ್ಗೆ ಆರರಿಂದ ಏಳೂವರೆ ಡೇರಿ ಹತ್ತಿರ ಎಲ್ಲರೂ ಸಿಗುತ್ತಾರೆ, ಆದರೆ ಅದು ನಿಂತು ನಾಲ್ಕು ಮಾತಾಡುವ ಜಾಗ. ಮನೆಗೆ ಹೋಗಲು ಸಂಜೆ ಹಾಲು ಹಾಕಿ ಬಂದ ಮೇಲಿನ ಹೊತ್ತು ಸರಿ. ಧಾರಾವಾಹಿ ಶುರುವಾದ ಮೇಲೆ ಹೋದರೆ ನಿಮ್ಮನ್ನು ಯಾರೂ ನೋಡುವುದಿಲ್ಲ. ನಾಟಿ, ಕೊಯ್ಲು, ಒಕ್ಕಣೆ ಇರುವ ವಾರಗಳಲ್ಲಿ ಸುಮ್ಮನಿರಿ. ಪಟ್ಟಣದಲ್ಲಿ ಭಾನುವಾರ ಹತ್ತರಿಂದ ಒಂದು. ಅಪಾರ್ಟ್‌ಮೆಂಟಿನಲ್ಲಿ ಗೇಟಿನಲ್ಲೇ ತಡೆಯುತ್ತಾರೆ, ಅಲ್ಲಿ ಪರಿಚಯದ ಒಬ್ಬ ನಿವಾಸಿ ಇಲ್ಲದೆ ಪ್ರಯತ್ನಿಸಬೇಡಿ.

ನನ್ನ ಮೊದಲ ಮನೆಯ ಕಥೆ ಹೇಳಿಬಿಡುತ್ತೇನೆ. ಹಂಚಿನ ಮನೆ, ಜಗಲಿ ಮೇಲೆ ಅಜ್ಜಿಯೊಬ್ಬರು ಅವರೆಕಾಯಿ ಬಿಡಿಸುತ್ತಿದ್ದರು. ನಮ್ಮನ್ನು ನೋಡಿದ ತಕ್ಷಣ ಕೇಳಿದರು:

"ಏನಪ್ಪಾ, ಎಲೆಕ್ಷನ್ ಬಂತಾ?"

"ಇಲ್ಲ ಕಣಜ್ಜಿ, ಇನ್ನೂ ಎರಡು ವರ್ಷ ಐತೆ."

"ಮತ್ಯಾಕ್ ಬಂದ್ರಿ?"

ಜೊತೆಗಿದ್ದ ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ನನಗೂ ಇಲ್ಲ. "ಸುಮ್ನೆ, ಮಾತಾಡಿಸಿಕೊಂಡು ಹೋಗೋಣ ಅಂತ" ಅಂದೆ. "ಸುಮ್ನೆ ಯಾರಪ್ಪ ಬತ್ತಾರೆ" ಅಂತ ನಕ್ಕು, ಕಾಯಿ ತುಂಬಿದ ಮೊರ ಸರಿಸಿ ಜಾಗ ಮಾಡಿಕೊಟ್ಟರು. ಹತ್ತು ನಿಮಿಷದ ಮೇಲೆ ವಿಷಯ ಹೊರಬಂತು. ನಾಲ್ಕು ತಿಂಗಳಿಂದ ಪಿಂಚಣಿ ಬಂದಿಲ್ಲ.

ಕೇಳಬೇಕಾದದ್ದು ಮೂರೇ ಪ್ರಶ್ನೆ. ಮನೆಯಲ್ಲಿ ಎಲ್ಲರ ಹೆಸರೂ ಪಟ್ಟಿಯಲ್ಲಿ ಇದೆಯಾ? ಈ ಬೀದಿಯಲ್ಲಿ ಮೊದಲು ಆಗಬೇಕಾದ ಕೆಲಸ ಯಾವುದು? ನಮ್ಮ ಪಕ್ಷದ ಮೇಲೆ ಏನು ಬೇಜಾರು? ಮೂರನೆಯದನ್ನು ಕೇಳಲು ಧೈರ್ಯ ಬೇಕು. ಉತ್ತರ ಬಂದ ಮೇಲೆ ವಾದ ಮಾಡದಿರಲು ಇನ್ನೂ ಜಾಸ್ತಿ ಧೈರ್ಯ ಬೇಕು. "ಯಾರಿಗೆ ಹಾಕಿದ್ರಿ?" ಅಂತ ಮಾತ್ರ ಕೇಳಬೇಡಿ. ಕೇಳಿದರೆ ಎಲ್ಲರೂ ನಿಮಗೇ ಹಾಕಿದ್ದಾರೆ. ಹಾಗಾದರೆ ಸೋತದ್ದು ಹೇಗೆ?

ಮನೆಯಿಂದ ಹೊರಬಂದು ತಿರುವಿನಲ್ಲಿ ನಿಂತು ಬರೆದುಕೊಳ್ಳಿ, ಎದುರಿಗೆ ಬರೆದರೆ ಜನ ಮಾತು ನಿಲ್ಲಿಸುತ್ತಾರೆ. ಆಧಾರ್ ನಂಬರ್, ಬ್ಯಾಂಕ್ ವಿವರ, ಒಟಿಪಿ ಯಾವುದನ್ನೂ ಪಡೆಯಬೇಡಿ. 2022ರಲ್ಲಿ ಬೆಂಗಳೂರಿನಲ್ಲಿ ಬಿಎಲ್‌ಒ ಅನ್ನುವ ಗುರುತಿನ ಚೀಟಿ ಹಾಕಿಕೊಂಡು ಖಾಸಗಿ ಸಂಸ್ಥೆಯವರು ಮತದಾರರ ಮಾಹಿತಿ ಸಂಗ್ರಹಿಸಿದ ಪ್ರಕರಣ ದೊಡ್ಡ ಸುದ್ದಿಯಾಯಿತು. ಪಕ್ಷದವರು ಪಕ್ಷದವರಾಗಿಯೇ ಹೋಗಬೇಕು.

ಐದನೆಯದು: ಬರೆದುಕೊಂಡದ್ದನ್ನು ಮಾಡಿ, ಆಗದಿದ್ದರೆ ಹೋಗಿ ಹೇಳಿ

ಎಲ್ಲರೂ ಸೋಲುವುದು ಇಲ್ಲೇ. ನಾನೂ ಸೋತೆ. ಆ ಅಜ್ಜಿಯ ಪಿಂಚಣಿ ವಿಷಯ ಬರೆದುಕೊಂಡು ಹೋದವನು ಮರೆತುಬಿಟ್ಟೆ. ಮೂರು ತಿಂಗಳ ನಂತರ ಅದೇ ಬೀದಿಯಲ್ಲಿ ಬೈಕ್ ಮೇಲೆ ಹೋಗುವಾಗ ಅವರು ಕೂಗಿ ಕರೆದರು. ಬೈಯಲಿಲ್ಲ. "ಬರಕೊಂಡು ಹೋದ್ಯಲ್ಲಪ್ಪ, ಏನಾಯ್ತು?" ಅಂದರು ಅಷ್ಟೆ. ಅವತ್ತಿನಿಂದ ನೋಟ್‌ಬುಕ್‌ನಲ್ಲಿ ಇನ್ನೊಂದು ಕಾಲಂ ಹಾಕಿದೆ: "ಮತ್ತೆ ಹೋಗಿ ಹೇಳಿದ ದಿನಾಂಕ."

ಆ ಕಾಲಂ ಕಡ್ಡಾಯ ಮಾಡಿ. ಕೆಲಸ ಆಗಲಿ ಬಿಡಲಿ, ಇಪ್ಪತ್ತು ದಿನದೊಳಗೆ ಒಂದು ಸಲ ಹೋಗಿ ಎಲ್ಲಿಗೆ ಬಂತು ಅಂತ ಹೇಳಬೇಕು. "ಆಗ್ಲಿಲ್ಲ ಅಜ್ಜಿ, ಇನ್ನೊಂದು ದಾರಿ ನೋಡ್ತಿದ್ದೀವಿ" ಅನ್ನುವುದೂ ಉತ್ತರವೇ.

ಬರುವ ಸಮಸ್ಯೆಗಳು ಹೆಚ್ಚಾಗಿ ಇವೇ. ಸಂಧ್ಯಾ ಸುರಕ್ಷಾ, ವಿಧವಾ ವೇತನ ನಿಂತಿರುವುದು. ಗೃಹಲಕ್ಷ್ಮಿಯ 2,000 ರೂಪಾಯಿ ಒಬ್ಬರಿಗೆ ಬಂದು ಪಕ್ಕದವರಿಗೆ ಬಾರದಿರುವುದು. ಪಡಿತರ ಚೀಟಿಗೆ ಸೊಸೆಯ ಹೆಸರು ಸೇರದಿರುವುದು. ತಂದೆ ತೀರಿಕೊಂಡು ಹತ್ತು ವರ್ಷವಾದರೂ ಪೌತಿ ಖಾತೆ ಆಗದಿರುವುದು. ಹಣ ನಿಂತಿದ್ದರೆ ಮೊದಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಹೆಸರು ಇರುವುದು ಬಹಳ. ಆ ಅಜ್ಜಿಯದೂ ಅದೇ. "ನಂಜಮ್ಮ" ಮತ್ತು "ನಂಜಮ್ಮಣ್ಣಿ" ಥರದ ವ್ಯತ್ಯಾಸ. ಬ್ಯಾಂಕಿಗೆ ಎರಡು ಸಲ, ನಾಡಕಚೇರಿಗೆ ಒಂದು ಸಲ ಓಡಾಡಿದ ಮೇಲೆ ಸರಿಹೋಯಿತು.

ಅರ್ಜಿ ಹಾಕಿಸಿದರೆ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಪಡೆಯುವುದನ್ನು ಮರೆಯಬೇಡಿ. 2011ರ ಸಕಾಲ ಕಾಯ್ದೆ ಪ್ರಕಾರ ಅದರಡಿ ಬರುವ ಸೇವೆಗಳಿಗೆ ಇಂತಿಷ್ಟು ದಿನ ಅಂತ ಗಡುವು ಇದೆ, ಮೀರಿದರೆ ಮೇಲ್ಮನವಿಗೂ ಅವಕಾಶ ಇದೆ. "ಸಾಹೇಬ್ರೆ ಸ್ವಲ್ಪ ನೋಡಿ" ಅಂತ ಕೈಮುಗಿಯುವುದಕ್ಕಿಂತ ಆ ನಂಬರ್ ಹಿಡಿದು ಕೇಳುವುದು ಬೇಗ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಗುಂಡಿ ಇದೆ. ನೀವು ಚೆನ್ನಾಗಿ ಓಡಾಡುತ್ತಿದ್ದೀರಿ ಅಂತ ಗೊತ್ತಾದ ಕೂಡಲೇ ಜನ ಪೆಟ್ರೋಲ್‌ಗೆ ಅಂತ ಇನ್ನೂರು ರೂಪಾಯಿ ಕೈಗಿಡುತ್ತಾರೆ. ತೆಗೆದುಕೊಂಡ ದಿನ ನೀವು ಕಾರ್ಯಕರ್ತ ಅಲ್ಲ, ದಲ್ಲಾಳಿ. ತಾಲ್ಲೂಕು ಕಚೇರಿ ಮುಂದೆ ಅಂಥವರು ಬೇಕಾದಷ್ಟಿದ್ದಾರೆ. ಇನ್ನೊಂದು, ಸಾಧ್ಯವಾದಷ್ಟು ಆ ಮನೆಯವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಎರಡನೇ ಸಲಕ್ಕೆ ಅವರೇ ಹೋಗಿ ಬರುತ್ತಾರೆ.

ಬೀದಿಯ ಕೆಲಸಗಳಿಗೆ, ಅಂದರೆ ಚರಂಡಿ, ನೀರು, ದೀಪಕ್ಕೆ ವಾರ್ಡ್ ಸಭೆ ಮತ್ತು ಗ್ರಾಮಸಭೆ ಇವೆ. ಈ ಸಭೆಗಳು ಎಷ್ಟೋ ಕಡೆ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಮುಗಿದುಹೋಗುತ್ತವೆ. ನಿಮ್ಮ ಬೂತ್‌ನಿಂದ ಇಪ್ಪತ್ತು ಜನ, ಅದರಲ್ಲಿ ಹನ್ನೆರಡು ಹೆಂಗಸರು, ಬರೆದ ಅರ್ಜಿ ಹಿಡಿದು ಹೋಗಿ ಕೂತು ನೋಡಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವತ್ತು ಬೇಗ ಏಳುವುದಿಲ್ಲ.

ಆರನೆಯದು: ಚಿಹ್ನೆ ಇಲ್ಲದ ಚುನಾವಣೆಗಳು

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಆದರೂ ಮುಂದಿನ ನಾಯಕರು ಹುಟ್ಟುವುದು ಅಲ್ಲೇ. ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಡೇರಿ, ಕೃಷಿ ಪತ್ತಿನ ಸಹಕಾರ ಸಂಘದ ಚುನಾವಣೆಯೂ ಅಷ್ಟೇ ಮುಖ್ಯ. ಅಲ್ಲಿ ಪಕ್ಷದ ಹೆಸರು ಹೇಳಿಕೊಂಡು ಗುಂಪು ಕಟ್ಟಬೇಡಿ, ಊರು ಒಡೆದುಹೋಗುತ್ತದೆ. ನಿಮ್ಮ ತಂಡದಲ್ಲಿ ಲೆಕ್ಕ ಗೊತ್ತಿರುವ ಒಬ್ಬರನ್ನು ನಿಲ್ಲಿಸಿ, ಸೋತರೂ ಸರಿ.

ಹಳ್ಳಿ ಕಡೆ ಚಿಹ್ನೆ ಇರುವ ಸ್ಥಳೀಯ ಚುನಾವಣೆ ಅಂದರೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ. ನಮ್ಮಲ್ಲಿ ಅವು 2016ರಲ್ಲಿ ನಡೆದವು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ಮುಂದೂಡುತ್ತಲೇ ಬಂದರು. ಬೆಂಗಳೂರು ಪಾಲಿಕೆಯಲ್ಲಿ 2015ರಲ್ಲಿ ಗೆದ್ದವರ ಅವಧಿ 2020ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಶಾಸಕ ಮತ್ತು ಕಾರ್ಯಕರ್ತನ ನಡುವಿನ ಮೆಟ್ಟಿಲೇ ಮುರಿದುಬಿದ್ದಿದೆ. ಹಳೆಯ ಪಕ್ಷಗಳು ಸೊರಗುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ. ಬೆಳೆಯುವ ಹುಡುಗನಿಗೆ ನಿಲ್ಲಲು ಜಾಗವೇ ಇಲ್ಲ, ಫ್ಲೆಕ್ಸ್‌ನ ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೊ ಬಿಟ್ಟರೆ.

ಪಕ್ಷ ಚಿಕ್ಕದಾದರೂ ಊರಲ್ಲಿ ಬೇರು ಇದ್ದರೆ ಉಳಿಯುತ್ತದೆ ಅನ್ನುವುದಕ್ಕೆ ರೈತಸಂಘದ ಉದಾಹರಣೆ ಇದೆ. 1980ರಲ್ಲಿ ಶುರುವಾಗಿ, ಒಡೆದು, ಮತ್ತೆ ಒಡೆದು, ಆದರೂ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ 2023ರಲ್ಲಿ ಸಂಘದ ರಾಜಕೀಯ ಅಂಗವಾದ ಸರ್ವೋದಯ ಕರ್ನಾಟಕ ಪಕ್ಷದಿಂದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು. ಕಾಂಗ್ರೆಸ್ ಬೆಂಬಲ ಇತ್ತು, ನಿಜ. ಆದರೆ ಅಲ್ಲಿ ಹಸಿರು ಶಾಲು ಹೊದ್ದವರು ಎಲೆಕ್ಷನ್ ಇಲ್ಲದ ವರ್ಷಗಳಲ್ಲೂ ಕಾಣುತ್ತಾರೆ.

ಏಳನೆಯದು: ವಾಟ್ಸಾಪ್, ದುಡ್ಡು, ಬೆಂಗಳೂರಿಗೆ ಹೋದವರು

ಬೂತ್‌ಗೊಂದು ವಾಟ್ಸಾಪ್ ಗುಂಪು ಸಾಕು. ಗುಡ್ ಮಾರ್ನಿಂಗ್, ನಾಯಕರ ಹುಟ್ಟುಹಬ್ಬ, ಎದುರು ಪಕ್ಷವನ್ನು ಬೈಯುವ ವಿಡಿಯೊ ಯಾವುದೂ ಬೇಡ. ಕರೆಂಟ್ ಯಾವಾಗ ಹೋಗುತ್ತದೆ, ಪಡಿತರ ಯಾವತ್ತು, ಯಾರಿಗೆ ರಕ್ತ ಬೇಕು, ಇಂಥದ್ದು ಹಾಕಿ. ಕೇಳದೆ ಯಾರ ನಂಬರ್ ಕೂಡ ಸೇರಿಸಬೇಡಿ.

ದುಡ್ಡಿನ ವಿಷಯ: ನಲವತ್ತು ಬೂತ್‌ನ ಈ ಕೆಲಸಕ್ಕೆ ಒಂದು ಸಮಾವೇಶದ ಪೆಂಡಾಲ್, ಊಟ, ಬಸ್ಸಿನ ಖರ್ಚಿಗಿಂತ ಕಡಿಮೆ ಹಣ ಸಾಕು. ಪ್ರಿಂಟ್, ಪೆಟ್ರೋಲ್, ಕಾಫಿ. ಬಂದದ್ದು ಹೋದದ್ದು ತಿಂಗಳಿಗೊಮ್ಮೆ ತಂಡದ ಮುಂದೆ ಓದಿ ಹೇಳಿ.

ಹಳೇ ಮೈಸೂರು, ಉತ್ತರ ಕರ್ನಾಟಕ ಎರಡೂ ಕಡೆ ಎಷ್ಟೋ ಬೂತ್‌ಗಳಲ್ಲಿ ಮತ ಊರಲ್ಲಿ, ಮತದಾರ ಬೆಂಗಳೂರಲ್ಲಿ. ಅವರು ಹಬ್ಬ, ಜಾತ್ರೆ, ತಿಥಿಗೆ ಬಂದಾಗ ಮಾತಾಡಿಸಿ. ಮತದಾನದ ದಿನ ನಾವೇ ಬಸ್ ಮಾಡಿಸುತ್ತೇವೆ ಅನ್ನಬೇಡಿ. ಮತದಾರರನ್ನು ಮತಗಟ್ಟೆಗೆ ಕರೆತರಲು ಬಾಡಿಗೆ ವಾಹನ ಮಾಡುವುದು ಕಾನೂನಿನ ಪ್ರಕಾರ ಭ್ರಷ್ಟ ಆಚರಣೆ, ಗೆದ್ದ ಚುನಾವಣೆಯೇ ರದ್ದಾಗಬಹುದು.

ಎಂಟನೆಯದು: ಮತದಾನದ ದಿನ

ಇಷ್ಟು ದಿನದ ಕೆಲಸ ಅವತ್ತು ಒಂದು ಹಾಳೆಗೆ ಬಂದು ನಿಲ್ಲುತ್ತದೆ. ಅದಕ್ಕೂ ಮುಂಚೆ, ಅಧಿಸೂಚನೆ ಹೊರಟ ಐದು ದಿನದೊಳಗೆ, 85 ದಾಟಿದವರು ಮತ್ತು ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಲು ನಮೂನೆ 12ಡಿ ಕೊಡಬಹುದು. ನಿಮ್ಮ ಪುಟದಲ್ಲಿ ಅಂಥವರು ಯಾರಿದ್ದಾರೆ ಅಂತ ಮೊದಲೇ ಗುರುತು ಹಾಕಿರಬೇಕು.

ಮತಗಟ್ಟೆಯೊಳಗೆ ನಮ್ಮ ಪರವಾಗಿ ಕೂರುವ ಪೋಲಿಂಗ್ ಏಜೆಂಟ್ ನೇಮಕಕ್ಕೆ ನಮೂನೆ 10. ಮತದಾನ ಶುರುವಾಗುವ ಒಂದೂವರೆ ಗಂಟೆ ಮುಂಚೆ ಅಣಕು ಮತದಾನ ನಡೆಯುತ್ತದೆ, ಏಳಕ್ಕೆ ಶುರು ಅಂದರೆ ಐದೂವರೆಗೆ ಏಜೆಂಟ್ ಅಲ್ಲಿರಬೇಕು. "ಬರ್ತಾ ಇದೀನಣ್ಣ" ಅನ್ನುವ ಹುಡುಗನನ್ನು ಈ ಕೆಲಸಕ್ಕೆ ಹಾಕಬೇಡಿ. ಹಿಂದಿನ ರಾತ್ರಿಯೇ ಊಟ, ನೀರು, ಎರಡು ಪೆನ್ನು, ಪಟ್ಟಿಯ ಪ್ರತಿ ಕೊಟ್ಟು ಕಳಿಸಿ. ಬಂದು ಹೋದವರ ಹೆಸರಿನ ಮುಂದೆ ಅವರು ಟಿಕ್ ಹಾಕುತ್ತಾರೆ. ಅದು ಮುಂದಿನ ಐದು ವರ್ಷಕ್ಕೂ ಬೇಕಾಗುವ ಹಾಳೆ. ಯಾರು ಬಂದರು, ಯಾರು ಬರಲಿಲ್ಲ ಅನ್ನುವುದು ಇಷ್ಟು ಸುಲಭವಾಗಿ ಇನ್ನೆಲ್ಲೂ ಸಿಗುವುದಿಲ್ಲ.

ಬೂತ್‌ನಿಂದ ನೂರು ಮೀಟರ್ ಒಳಗೆ ಪ್ರಚಾರದ ಒಂದು ಮಾತೂ ಬೇಡ. ಮಧ್ಯಾಹ್ನ ಮೂರರ ಹೊತ್ತಿಗೆ ಯಾರು ಇನ್ನೂ ಬಂದಿಲ್ಲ ಅಂತ ನೆನಪಿಸಿಕೊಂಡು ಆ ಪುಟ ನೋಡಿಕೊಳ್ಳುವವರು ಮನೆಗೆ ಹೋಗಿ "ಹೋಗಿ ಬಂದ್ರಾ ಅಕ್ಕ?" ಅಂತ ಕೇಳಿದರೆ ಸಾಕು. ಸಂಜೆ ಎದ್ದು ಬರುವ ಮುಂಚೆ ನಮೂನೆ 17ಸಿಯ ಪ್ರತಿ ಕೇಳಿ ಪಡೆಯಬೇಕು. ಆ ಬೂತ್‌ನಲ್ಲಿ ಒಟ್ಟು ಎಷ್ಟು ಮತ ಬಿದ್ದವು ಅನ್ನುವ ಲೆಕ್ಕ ಅದರಲ್ಲಿ ಇರುತ್ತದೆ, ಎಣಿಕೆಯ ದಿನ ಯಂತ್ರದ ಸಂಖ್ಯೆ ಜೊತೆ ತಾಳೆ ಹಾಕಬೇಕಲ್ವಾ.

ಕೊನೆಯದು: ಮಾರನೇ ವಾರ

ಫಲಿತಾಂಶಕ್ಕೆ ಕಾಯಬೇಡಿ. ಮತದಾನ ಮುಗಿದು ಎಣಿಕೆ ಆಗುವವರೆಗಿನ ದಿನಗಳಲ್ಲಿ ಬೂತ್ ತಂಡ ತನ್ನ ಪುಟದ ಮನೆಗಳಿಗೆ ಇನ್ನೊಂದು ಸುತ್ತು ಹೋಗಬೇಕು. ನಾನು ಹೋಗಿದ್ದೆ. ಅದೇ ಜಗಲಿ. ಈ ಸಲ ಅವರೆಕಾಯಿ ಕಾಲ ಅಲ್ಲ, ಅಜ್ಜಿ ಹುಣಸೆಹಣ್ಣು ಕುಟ್ಟುತ್ತಿದ್ದರು.

"ಎಲೆಕ್ಷನ್ ಮುಗೀತಲ್ಲಪ್ಪ. ಮತ್ಯಾಕ್ ಬಂದೆ?"

ಮೊಮ್ಮಗಳಿಗೆ ಸೆಪ್ಟೆಂಬರ್‌ನಲ್ಲಿ ಹದಿನೆಂಟು ತುಂಬುತ್ತದೆ ಅಂತ ಹೋದ ಸಲ ಅವರೇ ಹೇಳಿದ್ದರು, ನೋಟ್‌ಬುಕ್‌ನಲ್ಲಿ ಇತ್ತು. ಅಕ್ಟೋಬರ್ 1ರ ಲೆಕ್ಕಕ್ಕೆ ಸೇರುತ್ತಾಳೆ. ಚೀಲದಿಂದ ನಮೂನೆ 6 ತೆಗೆದೆ. ಅಜ್ಜಿ ಒಳಗೆ ತಿರುಗಿ ಮೊಮ್ಮಗಳನ್ನು ಕರೆದರು, "ಬರುವಾಗ ಮಾರ್ಕ್ಸ್ ಕಾರ್ಡೂ ತಗೊಂಡ್ ಬಾ" ಅಂತ.